ಕಲ್ಲಿನ ಬಾಯಿಗೆ ಕಾಳು

ಬೀಸುವ ಕಲ್ಲು ಇಂದಿನ ಪಟ್ಟಣದ ಮನೆಗಳಲ್ಲಿ ಅಪರೂಪದ ವಸ್ತು. ಇದ್ದರೂ ಹಿತ್ತಿಲಿನ ಮೂಲೆಯಲ್ಲಿ ಹೂಕುಂಡಕ್ಕೆ ಪೀಠವಾಗಿ ಕಾಲ ಕಳೆಯುತ್ತಿರುತ್ತದೆ. ಮನೆಯಲ್ಲಿ ಮದುವೆ ಒದಗಿದಾಗ ಮಾತ್ರ ಅದಕ್ಕೆ ಸ್ನಾನವಾಗಿ, ಅರಿಸಿನ ಕುಂಕುಮಗಳ ಅಲಂಕಾರವಾಗಿ, ನಡುಮನೆಗೆ ಪ್ರವೇಶ ದೊರೆಯುತ್ತದೆ. ಶಾಸ್ತ್ರಕ್ಕೆಂದು ನಾಲ್ಕು ಹಿಡಿ ಗೋಧಿಯನ್ನು ಬೀಸಬೇಕು. ಪದವೀಧರೆಯಾದ ಸೊಸೆ ಉತ್ಸಾಹದಿಂದ ಗೂಟವನ್ನು ಹಿಡಿದು, ಬೇಗ ಮುಗಿಯಲೆಂದು ಕಾಳನ್ನೆಲ್ಲ ಒಮ್ಮೆಲೇ ಕಲ್ಲಿನ ಬಾಯಿಗೆ ಸುರಿದುಬಿಡುತ್ತಾಳೆ. ಕಲ್ಲು ಎರಡು ಸುತ್ತು ತಿರುಗಿ ಬಿಗಿದು ನಿಲ್ಲುತ್ತದೆ. ಬಲ ಹಾಕಿ ತಳ್ಳಿದರೆ ಅರೆಬರೆ ಒಡೆದ ಕಾಳು ಅಂಚಿನಿಂದ ಉದುರುತ್ತದೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ನಗುತ್ತ ಎದ್ದು ಬರುತ್ತಾಳೆ. “ಹಿಟ್ಟು ಮಾಡುವುದು ಬಲಗೈಯಲ್ಲ ಮಗೂ, ಎಡಗೈ” ಎನ್ನುತ್ತಾಳೆ.

ಅಜ್ಜಿಯ ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಮೇಲುಗಲ್ಲನ್ನು ತಿರುಗಿಸುವುದಕ್ಕೆ ಬೇಕಾದುದು ತೋಳಿನ ಬಲ; ಕಲ್ಲಿನ ಬಾಯಿಗೆ ಎಷ್ಟು ಕಾಳನ್ನು, ಎಷ್ಟು ಸುತ್ತಿಗೊಮ್ಮೆ ಹಾಕಬೇಕೆಂಬುದಕ್ಕೆ ಬೇಕಾದುದು ವಿವೇಕ. ಕಾಳು ಹೆಚ್ಚಾದರೆ ಅದು ಎರಡು ಕಲ್ಲುಗಳ ನಡುವೆ ದಪ್ಪನೆಯ ಪದರವಾಗಿ ಹರಡಿ ಮೇಲುಗಲ್ಲನ್ನೇ ಎತ್ತಿ ಹಿಡಿಯುತ್ತದೆ. ಆಗ ಹಿಟ್ಟಿನ ಬದಲು ನುಚ್ಚು ಬೀಳುತ್ತದೆ. ಕಡಿಮೆಯಾದರೆ ಕಲ್ಲಿಗೆ ಕಲ್ಲು ತಗುಲಿ, ಕಲ್ಲಿನ ಪುಡಿ ಹಿಟ್ಟಿನೊಡನೆ ಬೆರೆಯುತ್ತದೆ. ಅದರ ಸುದ್ದಿ ರೊಟ್ಟಿ ಕಡಿದವನ ಹಲ್ಲಿಗೆ ಮೊದಲು ಮುಟ್ಟುತ್ತದೆ. ನುಚ್ಚೇ ಬೇಕಾದ ದಿನ ಅದೇ ಎಡಗೈ ತುಸು ಧಾರಾಳವಾಗುತ್ತದೆ, ನುಣ್ಣನೆಯ ಹಿಟ್ಟು ಬೇಕಾದ ದಿನ ಜಿಪುಣವಾಗುತ್ತದೆ. ಹೊಸದಾಗಿ ಉಳಿಯೇಟು ಬಿದ್ದ ಕಲ್ಲಿಗೆ ಒಂದು ಲೆಕ್ಕ, ಸವೆದ ಕಲ್ಲಿಗೆ ಇನ್ನೊಂದು. ಇದನ್ನು ಯಾವ ತಾಯಿಯೂ ಮಗಳಿಗೆ ಮಾತಿನಲ್ಲಿ ಕಲಿಸಲಿಲ್ಲ. ಬೆಳಗಿನ ಜಾವದ ಕತ್ತಲೆಯಲ್ಲಿ ಎದುರುಬದುರಾಗಿ ಕುಳಿತು, ಗೂಟಕ್ಕೆ ಕೈ ಕೂಡಿಸಿ, ಕಲ್ಲಿನ ಸದ್ದನ್ನು ಕೇಳಿ ಕೇಳಿ ಅವರು ಕಲಿತರು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಸೇರಿದಂಥ ತ್ರಿಪದಿಗಳನ್ನು ಹೆಂಗಸರು ಹಾಡಿಕೊಳ್ಳುತ್ತಿದ್ದುದು ಇಂಥ ಕಲ್ಲುಗಳ ಮುಂದೆಯೇ. ಪಂಡಿತರು ಆ ಪದಗಳ ರಸವನ್ನು ವಿವೇಚಿಸಿದ್ದಾರೆ. ಸಾಲಿಗೊಂದು ಹಿಡಿ ಕಾಳು ಎಂಬ ಲೆಕ್ಕವಿಡುವುದಕ್ಕೂ ಅವು ಒದಗಿರಬಾರದೇಕೆ?

ಈ ಎಡಗೈಯನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಕಲ್ಲನ್ನು ನೀರು ತಿರುಗಿಸಲಿ, ಗಾಳಿ ತಿರುಗಿಸಲಿ, ಎತ್ತು ತಿರುಗಿಸಲಿ. ಬಲಗೈಯ ಕೆಲಸವನ್ನು ಮಾಡುವವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಎಡಗೈಯ ಕೆಲಸವನ್ನು ಮಾಡುವವರಾರು? ಗಿರಣಿಯ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಬಹುಭಾಗ ಈ ಒಂದು ಪ್ರಶ್ನೆಗೆ ಹುಡುಕಿದ ಉತ್ತರಗಳೇ ಆಗಿವೆ ಎಂದರೆ ತಪ್ಪಾಗಲಾರದು.

ಮೊದಲ ಉತ್ತರ ಸುಲಭವಾದುದು. ಹಿಂದಿನ ಕಾಲದಲ್ಲಿ ಅಗಲವಾದ ಕಲ್ಲಿನ ಮೇಲೆ ಕಾಳನ್ನು ಹರಡಿ, ಮತ್ತೊಂದು ಕಲ್ಲಿನಿಂದ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ಪ್ರತಿಸಲವೂ ಕೆಲಸವನ್ನು ನಿಲ್ಲಿಸಿ ಹೊಸ ಕಾಳನ್ನು ಹಾಕಬೇಕು. ಕ್ರಿಸ್ತನಿಗೆ ನಾಲ್ಕೈದು ಶತಮಾನಗಳ ಹಿಂದೆ ಗ್ರೀಕರು ಆ ಉಜ್ಜುವ ಕಲ್ಲಿನ ನೆತ್ತಿಯಲ್ಲಿ ಒಂದು ತೊಟ್ಟಿಯನ್ನು ಕೊರೆದು, ಅದರ ತಳದಲ್ಲಿ ಸೀಳೊಂದನ್ನು ಬಿಟ್ಟರು. ಉಜ್ಜಿದಂತೆಲ್ಲ ಕಾಳು ತಾನಾಗಿ ಕೆಳಗಿಳಿಯತೊಡಗಿತು. ಪಾಂಪೆ ನಗರದ ಅವಶೇಷಗಳಲ್ಲಿ ಇಂದಿಗೂ ನಿಂತಿರುವ ರೋಮನರ ಗಿರಣಿಗಳಲ್ಲಿ ಮೇಲುಗಲ್ಲು ಡಮರುಗದ ಆಕಾರದಲ್ಲಿದೆ. ಡಮರುಗದ ಮೇಲಿನ ಅರ್ಧವೇ ಕಾಳಿನ ತೊಟ್ಟಿ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ನೀರಿನ ಗಿರಣಿಯನ್ನು ವರ್ಣಿಸುವಾಗ, ಕಲ್ಲಿನ ಮೇಲೆ ತೂಗುಹಾಕಿದ ತೊಟ್ಟಿಯೊಂದು ಕಾಳನ್ನು ಒದಗಿಸುತ್ತದೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗಿದ್ದಾನೆ. ಹಲ್ಲಿನ ಚಕ್ರಗಳನ್ನು ಕುರಿತು ಅವನಿಗಿರುವ ಆಸಕ್ತಿ ಕಾಳಿನ ಮೇಲಿಲ್ಲ. ಇಂಜಿನಿಯರುಗಳ ಸ್ವಭಾವ ಅಂದಿನಿಂದಲೂ ಹಾಗೆಯೇ ಇರಬೇಕು.

ಆದರೆ ತೊಟ್ಟಿಯೊಂದೇ ಸಾಲದು. ತಳದಲ್ಲಿ ತೂತಿರುವ ತೊಟ್ಟಿ ಕಾಳನ್ನು ಸುರಿಸುತ್ತಲೇ ಇರುತ್ತದೆ. ಕೆಳಗಿನ ಕಲ್ಲು ವೇಗವಾಗಿ ತಿರುಗುತ್ತಿದೆಯೇ, ನಿಧಾನವಾಗಿದೆಯೇ, ನಿಂತೇಹೋಗಿದೆಯೇ ಎಂಬುದು ಅದಕ್ಕೆ ತಿಳಿಯದು. ಮಳೆ ಬಂದು ಹಳ್ಳ ತುಂಬಿದರೆ ಕಲ್ಲು ರಭಸದಿಂದ ಸುತ್ತುತ್ತದೆ, ಬೀಳುವ ಕಾಳು ಅದಕ್ಕೆ ಸಾಲದು. ಬೇಸಗೆಯಲ್ಲಿ ನೀರು ಸೊರಗಿದರೆ ಕಲ್ಲು ತೆವಳುತ್ತದೆ, ಅದೇ ಕಾಳು ಅದಕ್ಕೆ ಅಜೀರ್ಣವಾಗುತ್ತದೆ. ಆದುದರಿಂದ ಗಿರಣಿಯ ಪಕ್ಕದಲ್ಲಿ ಯಾರಾದರೊಬ್ಬರು ಕುಳಿತು ತೂತಿನ ಬಾಯನ್ನು ಹಿಗ್ಗಿಸುತ್ತಲೂ ಕುಗ್ಗಿಸುತ್ತಲೂ ಇರಬೇಕು. ಹೊಳೆ ಬಂದು ದುಡಿದರೂ ಮನುಷ್ಯನಿಗೆ ಬಿಡುವಿಲ್ಲವೆಂದಾಯಿತು.

ಈ ತೊಡಕನ್ನು ಬಿಡಿಸಿದ ಉಪಾಯ ಅತ್ಯಂತ ಸರಳವಾದುದು. ಕಾಳಿನ ತೊಟ್ಟಿಯ ತಳವನ್ನು ನೇರವಾಗಿ ಕಲ್ಲಿನ ಬಾಯಿಗೆ ತೆರೆಯದೆ, ಅದರ ಕೆಳಗೆ ಮರದ ಪುಟ್ಟ ದೋಣಿಯೊಂದನ್ನು ತುಸು ಓರೆಯಾಗಿ ತೂಗುಬಿಟ್ಟರು. ಆಂಗ್ಲರು ಅದನ್ನು ಅದರ ಆಕಾರದಿಂದ ‘ಷೂ’ ಎಂದು ಕರೆದರು. ಓರೆ ಎಷ್ಟಿರಬೇಕೆಂದರೆ, ದೋಣಿ ಅಲುಗದಿದ್ದರೆ ಕಾಳು ಜಾರಬಾರದು, ಅಲುಗಿದರೆ ಜಾರಬೇಕು. ಇನ್ನು ಅಲುಗಿಸುವವರು ಯಾರು? ತಿರುಗುವ ಕಲ್ಲೇ! ಮೇಲುಗಲ್ಲಿನ ನಡುವಿನಿಂದ ಮೇಲಕ್ಕೆ ಕಬ್ಬಿಣದ ಕಡ್ಡಿಯೊಂದನ್ನು ನಿಲ್ಲಿಸಿದರು. ಅದು ದುಂಡಗಿಲ್ಲ, ಮೂರು ಇಲ್ಲವೆ ನಾಲ್ಕು ಮೂಲೆಗಳುಳ್ಳದ್ದು. ಬಾಗಿದ ಮರದ ಸ್ಪ್ರಿಂಗೊಂದು ದೋಣಿಯನ್ನು ಆ ಕಡ್ಡಿಗೆ ಒತ್ತಿ ಹಿಡಿದಿರುತ್ತದೆ. ಕಲ್ಲು ಒಂದು ಸುತ್ತು ಬಂದಾಗ ಪ್ರತಿಯೊಂದು ಮೂಲೆಯೂ ದೋಣಿಯನ್ನು ಒಮ್ಮೆ ತಟ್ಟುತ್ತದೆ. ತಟ್ಟಿದಾಗಲೆಲ್ಲ ನಾಲ್ಕಾರು ಕಾಳು ಕಲ್ಲಿನ ಬಾಯಿಗೆ ಜಾರುತ್ತವೆ. ನಾಲ್ಕಡಿ ಅಡ್ಡಳತೆಯ ಕಲ್ಲು ನಿಮಿಷಕ್ಕೆ ಸುಮಾರು ೧೨೦ ಸುತ್ತು ತಿರುಗುತ್ತಿತ್ತು. ನಾಲ್ಕು ಮೂಲೆಯ ಕಡ್ಡಿಯಾದರೆ ನಿಮಿಷಕ್ಕೆ ೪೮೦ ಬಾರಿ ತಟ್ಟಿದಂತಾಯಿತು. ಹೊಳೆಯ ನೀರು ಇಳಿದು ಕಲ್ಲಿನ ವೇಗ ಅರ್ಧಕ್ಕೆ ಬಂದರೆ ತಟ್ಟುವುದೂ ಅರ್ಧಕ್ಕೆ ಇಳಿಯುತ್ತದೆ. ಕಲ್ಲು ನಿಂತರೆ ಕಾಳೂ ನಿಲ್ಲುತ್ತದೆ. ಹಸಿದಷ್ಟನ್ನು ಕಲ್ಲು ತಾನೇ ಕೇಳಿ ಪಡೆಯುತ್ತದೆ.

ಇಂಗ್ಲೆಂಡಿನ ಗಿರಣಿಗಾರರು ಈ ಕಡ್ಡಿಗೆ ‘ಡ್ಯಾಮ್‌ಸೆಲ್’ ಎಂದು ಹೆಸರಿಟ್ಟರು, ಅಂದರೆ ಕನ್ಯೆ. ಹಗಲೂ ಇರುಳೂ ಟಕಟಕನೆ ಸದ್ದು ಮಾಡುತ್ತಿರುವುದರಿಂದ, ಎಂದೂ ಬಾಯಿ ಮುಚ್ಚದವಳೆಂಬ ಪರಿಹಾಸ್ಯದ ಹೆಸರು. ಹೆಸರಿಟ್ಟವರು ಗಂಡಸರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಹರಟೆಯೇ ಅವರ ಅನ್ನವಾಗಿತ್ತು. ರಾತ್ರಿ ಮಲಗಿದ ಗಿರಣಿಗಾರ ಆ ಸದ್ದಿನ ನಡುವೆ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದ. ಸದ್ದು ಬದಲಾದರೆ ಎಚ್ಚರಗೊಳ್ಳುತ್ತಿದ್ದ. ದೋಣಿಯ ಓರೆಯನ್ನು ಹೆಚ್ಚು ಕಡಿಮೆ ಮಾಡಲು ಒಂದು ದಾರವನ್ನು ಕಟ್ಟಿ, ಅದರ ತುದಿಯನ್ನು ಕೆಳಗಿನ ಅಂತಸ್ತಿಗೆ ಇಳಿಬಿಟ್ಟು ತಿರುಪುಗೂಟಕ್ಕೆ ಸುತ್ತಿರುತ್ತಿದ್ದರು. ಕೆಳಗೆ ಬೀಳುವ ಹಿಟ್ಟನ್ನು ಗಿರಣಿಗಾರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸಕಿ ನೋಡಿ, ನಿಂತಲ್ಲಿಂದಲೇ ಗೂಟವನ್ನು ಅರ್ಧ ಸುತ್ತು ತಿರುಗಿಸಿದರೆ ಮೇಲೆ ಕಾಳಿನ ಧಾರೆ ಸಣ್ಣದಾಗುತ್ತಿತ್ತು.

ಇದು ಯುರೋಪಿನವರಿಗೆ ಮಾತ್ರ ಹೊಳೆದ ಯುಕ್ತಿಯೆಂದು ಭಾವಿಸಬೇಕಾಗಿಲ್ಲ. ಹಿಮಾಲಯದ ತಪ್ಪಲಿನ ತೊರೆಗಳ ಮೇಲೆ ಇಂದಿಗೂ ಅಲ್ಲಲ್ಲಿ ತಿರುಗುತ್ತಿರುವ ‘ಘರಾಟ್’ ಎಂಬ ನೀರ್ಗಿರಣಿಗಳಲ್ಲಿ ಕಬ್ಬಿಣದ ಕನ್ಯೆಯಿಲ್ಲ. ಅಲ್ಲಿ ಕಾಳಿನ ಬುಟ್ಟಿಯ ಕೆಳಗಿನ ದೋಣಿಗೆ ಮರದ ಕಡ್ಡಿಯೊಂದನ್ನು ಕಟ್ಟಿರುತ್ತಾರೆ. ಅದರ ಇನ್ನೊಂದು ತುದಿ ತಿರುಗುವ ಕಲ್ಲಿನ ಒರಟು ಬೆನ್ನಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಕಲ್ಲಿನ ಉಬ್ಬುತಗ್ಗುಗಳ ಮೇಲೆ ಕಡ್ಡಿ ಕುಣಿಯುತ್ತದೆ, ಕಡ್ಡಿಯ ಕುಣಿತಕ್ಕೆ ದೋಣಿ ನಡುಗುತ್ತದೆ, ಕಾಳು ಉದುರುತ್ತದೆ. ಮೂರು ಕಾಸಿನ ಖರ್ಚಿಲ್ಲದ ಯಂತ್ರ. ಕೇದಾರ ಬದರಿಗಳ ಯಾತ್ರೆಗೆ ಹೋದವರು ದಾರಿಯಲ್ಲಿ ಇಂಥದೊಂದನ್ನು ಕಂಡರೆ, ಎರಡು ನಿಮಿಷ ನಿಂತು ನೋಡುವುದು ದಂಡವಲ್ಲ.

ಕನ್ಯೆಗೆ ಒಂದು ಕೊರತೆಯಿದೆ. ಅವಳಿಗೆ ಎಣಿಕೆ ಬರುತ್ತದೆಯೇ ಹೊರತು ಕಣ್ಣಿಲ್ಲ. ತೊಟ್ಟಿಯಲ್ಲಿ ಕಾಳಿದ್ದರೂ ತಟ್ಟುತ್ತಾಳೆ, ಇಲ್ಲದಿದ್ದರೂ ತಟ್ಟುತ್ತಾಳೆ. ಬರಿದಾದ ದೋಣಿಯನ್ನು ಎಷ್ಟು ತಟ್ಟಿದರೇನು? ಗಿರಣಿಯ ಎರಡು ಕಲ್ಲುಗಳ ನಡುವಿನ ಅಂತರ ನಡುಭಾಗದಲ್ಲಿ ದಪ್ಪ ಕಾಗದದಷ್ಟು, ಅಂಚಿನಲ್ಲಿ ತೆಳು ಕಾಗದದಷ್ಟು ಎಂದು ಗಿರಣಿಗಾರರ ಲೆಕ್ಕ. ಹತ್ತಾರು ಮಣ ತೂಕದ ಮೇಲುಗಲ್ಲು ಅಷ್ಟು ಸಮೀಪದಲ್ಲಿ ಸುತ್ತುತ್ತಿರುವಾಗ ಎರಡನ್ನೂ ಬೇರೆಯಾಗಿರಿಸಿರುವುದು ಕಾಳಿನ ಪದರವೇ. ಅದು ಇಲ್ಲವಾದರೆ ಗಟ್ಟಿಗಲ್ಲಿಗೆ ಗಟ್ಟಿಗಲ್ಲು ಉಜ್ಜಿ ಕಿಡಿ ಹಾರುತ್ತದೆ. ಚಕಮಕಿ ಕಲ್ಲಿನ ಸಂಗತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುತ್ತಲೂ ಮರದ ಕಟ್ಟಡ, ಮರದ ಚಕ್ರ, ಗೋಣಿಚೀಲ.

ಅದಕ್ಕಾಗಿ ಗಂಟೆಯೊಂದನ್ನು ಕಟ್ಟಿದರು. ತೊಟ್ಟಿಯೊಳಗೆ ತಳದ ಹತ್ತಿರ ಚರ್ಮದ ಪಟ್ಟಿಯೊಂದನ್ನು ಹಾಯಿಸಿ, ಅದರ ತುದಿಯ ಹಗ್ಗಕ್ಕೆ ಗಂಟೆಯನ್ನು ತೂಗುಹಾಕುತ್ತಿದ್ದರು. ಕಾಳಿನ ಭಾರ ಮೇಲಿರುವ ತನಕ ಪಟ್ಟಿ ಬಿಗಿಯಾಗಿದ್ದು ಗಂಟೆ ಮೇಲೆಯೇ ಇರುತ್ತದೆ. ಕಾಳು ಇಳಿದು ತಳ ಕಾಣುವ ಹೊತ್ತಿಗೆ ಪಟ್ಟಿ ಸಡಿಲವಾಗಿ, ಗಂಟೆ ಕೆಳಗಿಳಿದು, ತಿರುಗುವ ಭಾಗಕ್ಕೆ ತಗುಲಿ ಬಾರಿಸತೊಡಗುತ್ತದೆ. ಗಿರಣಿಗಾರ ಎಲ್ಲಿದ್ದರೂ ಓಡಿ ಬಂದು ಚೀಲವನ್ನು ಸುರಿಯಬೇಕು, ಇಲ್ಲವೆ ಕಲ್ಲನ್ನು ಎತ್ತಬೇಕು. ಊರಿನ ದೇವಾಲಯದ ಗಂಟೆಗೆ ಏಳದ ಮನುಷ್ಯ ಈ ಗಂಟೆಗೆ ಏಳುತ್ತಿದ್ದ.

ಗಾಳಿಗಿರಣಿಯ ಕಷ್ಟ ಇನ್ನೂ ವಿಚಿತ್ರವಾದುದು. ನೀರು ಋತುವಿಗೊಮ್ಮೆ ಬದಲಾದರೆ ಗಾಳಿ ಕ್ಷಣಕ್ಕೊಮ್ಮೆ ಬದಲಾಗುತ್ತದೆ. ಗಾಳಿ ಬಲವಾದಾಗ ರೆಕ್ಕೆಗಳು ಜೋರಾಗಿ, ಕಲ್ಲು ಜೋರಾಗಿ, ಕನ್ಯೆ ಹೆಚ್ಚು ಕಾಳನ್ನು ತಟ್ಟಿ ಹಾಕುತ್ತಾಳೆ. ಅಷ್ಟರಮಟ್ಟಿಗೆ ಸರಿ, ಆದರೆ ಹೆಚ್ಚಿದ ಕಾಳು ಮೇಲುಗಲ್ಲನ್ನು ಎತ್ತುವುದರಿಂದ ಹಿಟ್ಟು ತರಿಯಾಗುತ್ತದೆ. ಆಗ ಕಲ್ಲನ್ನು ಕೂದಲೆಳೆಯಷ್ಟು ಕೆಳಗಿಳಿಸಬೇಕು. ಗಾಳಿ ತಗ್ಗಿದೊಡನೆ ಮತ್ತೆ ಎತ್ತಬೇಕು. ದಿನವೆಲ್ಲ ಹೀಗೆ ಮಾಡುತ್ತ ಕೂರುವ ತಾಳ್ಮೆ ಯಾರಿಗಿದೆ? ಇದಕ್ಕೆಂದು ಇಂಗ್ಲೆಂಡಿನ ಗಿರಣಿಗಾರರು ಸುತ್ತುವ ಕಂಬಕ್ಕೆ ಎರಡು ಗುಂಡುಗಳನ್ನು ತೂಗುಹಾಕಿದರು. ವೇಗ ಹೆಚ್ಚಿದಾಗ ಗುಂಡುಗಳು ಕೋಲಾಟದವರಂತೆ ಹೊರಕ್ಕೆ ಹಾರುತ್ತವೆ, ತಗ್ಗಿದಾಗ ಒಳಕ್ಕೆ ಬೀಳುತ್ತವೆ. ಆ ಏರಿಳಿತವನ್ನು ಸನ್ನೆಗಳ ಮೂಲಕ ಕಲ್ಲಿಗೆ ಮುಟ್ಟಿಸಿದರೆ ಅಂತರ ತಾನಾಗಿ ಸರಿಹೊಂದುತ್ತದೆ. ಥಾಮಸ್ ಮೀಡ್ ಎಂಬಾತ ೧೭೮೭ರಲ್ಲಿ ಇಂಥ ಸಲಕರಣೆಯೊಂದಕ್ಕೆ ಪೇಟೆಂಟ್ ಪಡೆದನು.

ಮರುವರ್ಷ, ಎಂದರೆ ೧೭೮೮ರಲ್ಲಿ, ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಈ ಗುಂಡುಗಳನ್ನು ಕಂಡ ಮ್ಯಾಥ್ಯೂ ಬೌಲ್ಟನ್, ತನ್ನ ಪಾಲುಗಾರನಾದ ಜೇಮ್ಸ್ ವಾಟನಿಗೆ ಅದನ್ನು ಕುರಿತು ಪತ್ರ ಬರೆದನು. ವಾಟ್ ಅದನ್ನು ತನ್ನ ಉಗಿಯಂತ್ರಕ್ಕೆ ಅಳವಡಿಸಿದನು. ಶಾಲೆಯ ಪಠ್ಯಪುಸ್ತಕಗಳಲ್ಲಿ ಉಗಿಯಂತ್ರದ ಚಿತ್ರದೊಡನೆ ತಪ್ಪದೆ ಬರುವ ಆ ಎರಡು ಗುಂಡುಗಳ ‘ಗವರ್ನರ್’ ಹುಟ್ಟಿದ್ದು ಹಿಟ್ಟಿನ ಗಿರಣಿಯಲ್ಲಿ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಮುಂದೆ ೧೮೬೮ರಲ್ಲಿ ಮ್ಯಾಕ್ಸ್‌ವೆಲ್ ಮಹಾಶಯನು ಈ ಗವರ್ನರುಗಳನ್ನು ಕುರಿತು ಗಣಿತದ ಪ್ರಬಂಧವೊಂದನ್ನು ರಚಿಸಿದನು. ನಾರ್ಬರ್ಟ್ ವೀನರ್ ೧೯೪೮ರಲ್ಲಿ ತನ್ನ ಹೊಸ ಶಾಸ್ತ್ರಕ್ಕೆ ‘ಸೈಬರ್ನೆಟಿಕ್ಸ್’ ಎಂದು ಹೆಸರಿಡುವಾಗ ಆ ಪ್ರಬಂಧವನ್ನು ನೆನೆದನು. ಕಂಪ್ಯೂಟರಿನ ಯುಗದಲ್ಲಿ ‘ಸೈಬರ್’ ಎಂಬ ಶಬ್ದವನ್ನು ದಿನಕ್ಕೆ ಹತ್ತು ಸಲ ಬಳಸುವವರು ಅದರ ವಂಶವೃಕ್ಷದಲ್ಲಿ ಹಿಟ್ಟಿನ ಧೂಳು ಮೆತ್ತಿಕೊಂಡಿರುವುದನ್ನು ಅರಿಯರು.

ಆಲ್ಬಿಯನ್ ಗಿರಣಿಯ ಗತಿ ಮಾತ್ರ ಒಳ್ಳೆಯದಾಗಲಿಲ್ಲ. ವಾಟನ ಉಗಿಯಂತ್ರಗಳು, ಜಾನ್ ರೆನ್ನಿ ನಿರ್ಮಿಸಿದ ಚಕ್ರಗಳು, ಊರೆಲ್ಲ ಬಂದು ನೋಡುವ ಬೆರಗು ಎಲ್ಲವೂ ಇದ್ದ ಆ ಕಟ್ಟಡ ೧೭೯೧ರ ಮಾರ್ಚ್ ತಿಂಗಳಲ್ಲಿ ಸುಟ್ಟು ಬೂದಿಯಾಯಿತು. ಅದು ಆಕಸ್ಮಿಕವೋ, ಹೊಟ್ಟೆಕಿಚ್ಚೋ ಎಂದು ಜನ ಬಹುಕಾಲ ಮಾತನಾಡಿಕೊಂಡರು. ಹೊಟ್ಟೆಪಾಡನ್ನು ಕಳೆದುಕೊಳ್ಳುತ್ತಿದ್ದ ಸಣ್ಣ ಗಿರಣಿಗಾರರು ಉರಿಯನ್ನು ಕಂಡು ಸಂತೋಷಪಟ್ಟರೆಂಬುದಂತೂ ನಿಜ.

ಇದೇ ಕಾಲದಲ್ಲಿ ಅಮೆರಿಕದ ಡೆಲವೇರ್ ಪ್ರಾಂತ್ಯದಲ್ಲಿ ಆಲಿವರ್ ಇವಾನ್ಸ್ ಎಂಬವನು ಬೇರೊಂದು ದಾರಿ ಹಿಡಿದಿದ್ದನು. ಆಗಿನ ಗಿರಣಿಗಳಲ್ಲಿ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಅಟ್ಟಕ್ಕೇರಿಸುವವರಿದ್ದರು. ಬೀಸಿದ ಬಿಸಿ ಹಿಟ್ಟನ್ನು ಹರಡಿ, ಆರಿಸಿ, ಜರಡಿಯ ತೊಟ್ಟಿಗೆ ಸಮನಾಗಿ ತಳ್ಳುವ ಹುಡುಗನೊಬ್ಬನಿದ್ದನು. ಇವಾನ್ಸ್ ಈ ಎಲ್ಲ ಕೆಲಸಗಳಿಗೂ ಯಂತ್ರಗಳನ್ನು ಜೋಡಿಸಿದನು: ಕಾಳನ್ನು ಮೇಲಕ್ಕೆತ್ತುವ ಬಟ್ಟಲುಗಳ ಸರಪಳಿ, ಅಡ್ಡಲಾಗಿ ಸಾಗಿಸುವ ತಿರುಪು, ಹಿಟ್ಟನ್ನು ಹರಡಿ ಕೂಡಿಸುವ ತಿರುಗುವ ಕುಂಟೆ. ಈ ಕೊನೆಯದಕ್ಕೆ ಅವನಿಟ್ಟ ಹೆಸರು ‘ಹಾಪರ್ ಬಾಯ್’. ಹುಡುಗನನ್ನು ಹೊರಗೆ ಕಳಿಸಿ, ಅವನ ಹೆಸರನ್ನು ಮಾತ್ರ ಯಂತ್ರಕ್ಕೆ ಉಳಿಸಿಕೊಂಡ ಹಾಗಾಯಿತು. ೧೭೯೦ರಲ್ಲಿ ಅಮೆರಿಕ ಸರ್ಕಾರ ಕೊಟ್ಟ ಮೂರನೆಯ ಪೇಟೆಂಟ್ ಇವನದು. ಅಧ್ಯಕ್ಷ ವಾಷಿಂಗ್ಟನ್ನರೇ ತಮ್ಮ ಮೌಂಟ್ ವೆರ್ನನ್ ಗಿರಣಿಗೆ ಈ ಏರ್ಪಾಡನ್ನು ಹಾಕಿಸಿಕೊಂಡರು. ನೆರೆಹೊರೆಯ ಗಿರಣಿಗಾರರು ಒಮ್ಮೆ ಪರೀಕ್ಷೆಗೆಂದು ಬಂದಾಗ ಇವಾನ್ಸ್ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದನಂತೆ. ಒಳಗೆ ಗಿರಣಿ ಯಾರೂ ಇಲ್ಲದೆ ತಾನೇ ನಡೆಯುತ್ತಿತ್ತು. ತಮ್ಮನ್ನು ಮರುಳುಮಾಡಲು ಹೂಡಿದ ನಾಟಕವಿದೆಂದು ತಿಳಿದು ಅವರು ಹಿಂದಿರುಗಿದರೆಂದು ಕಥೆ. ಥಾಮಸ್ ಜೆಫರ್ಸನ್ನರಂತೂ ೧೮೧೩ರ ಒಂದು ಪತ್ರದಲ್ಲಿ, ಬಟ್ಟಲುಗಳ ಸರಪಳಿಯಲ್ಲಿ ಹೊಸತೇನಿದೆ, ಪೂರ್ವದೇಶಗಳಲ್ಲಿ ನೀರೆತ್ತುವ ಗಡಿಗೆಗಾಲಿಯೇ ಅಲ್ಲವೆ ಇದು, ಎಂಬ ಅರ್ಥದ ಆಕ್ಷೇಪವೆತ್ತಿದ್ದಾರೆ. ಆಕ್ಷೇಪದಲ್ಲಿ ಹುರುಳಿದ್ದರೂ, ಇದ್ದ ವಸ್ತುಗಳನ್ನು ಒಂದಕ್ಕೊಂದು ಜೋಡಿಸಿ ಓಡಿಸುವುದೂ ಒಂದು ಪ್ರತಿಭೆಯೇ.

ಯಾರೂ ಇಲ್ಲದೆ ನಡೆಯುವ ಗಿರಣಿ! ಕೇಳಲು ಸೊಗಸಾದ ಮಾತು. ಆದರೆ ಕಾಳು ಮುಗಿದಾಗ ಬಾರಿಸುವ ಗಂಟೆಗೆ ಕೇಳುವ ಕಿವಿಯೊಂದು ಬೇಕಲ್ಲ. ಒಂದು ಜೊತೆ ಕಲ್ಲಿದ್ದ ಗಿರಣಿಯಲ್ಲಿ ಗಿರಣಿಗಾರನ ಕಿವಿಯೆಲ್ಲ ಅದರ ಮೇಲೆಯೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಗಳು ಆರೇಳು ಅಂತಸ್ತುಗಳಿಗೆ ಬೆಳೆದು, ಒಂದೇ ಮಾಳಿಗೆಯಲ್ಲಿ ಹತ್ತಾರು ಜೊತೆ ಕಲ್ಲುಗಳು ಗುಡುಗುತ್ತಿರುವಾಗ, ಯಾವ ಮೂಲೆಯ ಯಾವ ಕಲ್ಲು ಹಸಿದಿದೆಯೆಂದು ತಿಳಿಯುವವರಾರು?

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕ್ಲೈಡ್ ನದಿಯ ದಕ್ಷಿಣ ದಡದ ಟ್ರೇಡ್ಸ್‌ಟನ್ ಬಡಾವಣೆಯಲ್ಲಿ ದೊಡ್ಡ ಹಿಟ್ಟಿನ ಗಿರಣಿಯೊಂದಿತ್ತು. ೧೮೭೨ರ ಜುಲೈ ೯ರಂದು ಅದು ಮದ್ದಿನ ಮನೆಯಂತೆ ಸಿಡಿಯಿತು. ಗೋಡೆಗಳು ಹೊರಕ್ಕೆ ಬಿದ್ದವು. ಉಳಿದುದನ್ನು ಬೆಂಕಿ ನುಂಗಿತು. ಹದಿನೆಂಟು ಮಂದಿ ಸತ್ತರು. ಅಲ್ಲಿ ಮದ್ದು ಇರಲಿಲ್ಲ, ಅನಿಲವಿರಲಿಲ್ಲ, ಇದ್ದುದು ಗೋಧಿ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮ್ಯಾಕ್ವರ್ನ್ ರ್‍ಯಾಂಕಿನ್ ಮತ್ತು ರಸಾಯನಶಾಸ್ತ್ರಜ್ಞ ಸ್ಟೀವನ್‌ಸನ್ ಮ್ಯಾಕ್‌ಆಡಮ್ ವಿಚಾರಣೆ ನಡೆಸಿದರು. ಅವರು ಕಂಡುಕೊಂಡ ಕಾರಣ ಇಷ್ಟೆ: ಒಂದು ಜೊತೆ ಕಲ್ಲಿಗೆ ಕಾಳು ಬರುವುದು ನಿಂತುಹೋಗಿತ್ತು. ಬರಿದಾದ ಕಲ್ಲುಗಳು ಒಂದನ್ನೊಂದು ಉಜ್ಜಿ ಕಿಡಿಯೆದ್ದಿತು. ಕಲ್ಲುಗಳ ಸುತ್ತಲಿನ ಹಿಟ್ಟಿನ ಧೂಳನ್ನು ಹೀರಿಕೊಳ್ಳುವ ಕೊಳವೆಯ ಹಾದಿಯಲ್ಲಿ ಬೆಂಕಿ ಧೂಳಿನ ಕೋಣೆಗೆ ನುಗ್ಗಿತು.

ರೊಟ್ಟಿಯ ಹಿಟ್ಟು ಮನೆಯನ್ನು ಹಾರಿಸಬಲ್ಲುದೆ ಎಂದು ಗೃಹಿಣಿಯರು ಆಶ್ಚರ್ಯಪಡಬಹುದು. ಡಬ್ಬಿಯಲ್ಲಿ ಗಟ್ಟಿಯಾಗಿ ಕುಳಿತ ಹಿಟ್ಟಿಗೆ ಕಡ್ಡಿ ಗೀರಿದರೆ ಅದು ಕರಿಕಾಗುತ್ತದೆ, ಅಷ್ಟೆ. ಅದೇ ಹಿಟ್ಟು ಗಾಳಿಯಲ್ಲಿ ಮೋಡವಾಗಿ ತೇಲುವಾಗ ಪ್ರತಿಯೊಂದು ಕಣದ ಸುತ್ತಲೂ ಗಾಳಿಯಿರುತ್ತದೆ. ಒಂದು ಕಣ ಹೊತ್ತಿದರೆ ನೆರೆಯ ಕಣ, ಅದರಿಂದ ಮತ್ತೊಂದು, ಹೀಗೆ ಕಣ್ಣು ಮಿಟುಕಿಸುವುದರೊಳಗೆ ಮೋಡವೆಲ್ಲ ಉರಿದು, ಬಿಸಿಗಾಳಿ ಹಿಗ್ಗಿ, ಗೋಡೆಯನ್ನು ತಳ್ಳುತ್ತದೆ. ಇದನ್ನು ಒಲೆಯ ಮುಂದೆ ಪರೀಕ್ಷಿಸಿ ನೋಡಬಾರದೆಂದು ಮಕ್ಕಳಿಗೆ ಹೇಳಿಡುವುದು ಲೇಸು.

ಗ್ಲಾಸ್ಗೋದ ಪಾಠ ಅಟ್ಲಾಂಟಿಕ್ ಸಾಗರವನ್ನು ದಾಟಲಿಲ್ಲವೆಂದು ತೋರುತ್ತದೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ, ಮಿಸಿಸಿಪಿ ನದಿಯ ಸೇಂಟ್ ಆಂಥನಿ ಜಲಪಾತದ ಬಳಿ, ಕ್ಯಾಡ್‌ವಾಲಡರ್ ವಾಷ್‌ಬರ್ನ್ ೧೮೭೪ರಲ್ಲಿ ಏಳು ಅಂತಸ್ತಿನ ‘ಎ’ ಗಿರಣಿಯನ್ನು ಕಟ್ಟಿಸಿದ್ದನು. ೧೮೭೮ರ ಮೇ ೨ರ ಸಂಜೆ, ಹಗಲು ಪಾಳಿಯವರು ಮನೆಗೆ ತೆರಳಿ ರಾತ್ರಿ ಪಾಳಿಯ ಹದಿನಾಲ್ಕು ಜನ ಕೆಲಸಕ್ಕೆ ನಿಂತಿದ್ದ ಹೊತ್ತಿಗೆ, ಆ ಗಿರಣಿ ಸಿಡಿಯಿತು. ಹದಿನಾಲ್ವರಲ್ಲಿ ಒಬ್ಬನೂ ಉಳಿಯಲಿಲ್ಲ. ಬೆಂಕಿ ನೆರೆಯ ಗಿರಣಿಗಳಿಗೆ ಹರಡಿ ಇನ್ನೂ ನಾಲ್ವರನ್ನು ತೆಗೆದುಕೊಂಡಿತು. ಇಲ್ಲಿಯೂ ಲೆಕ್ಕ ಹದಿನೆಂಟು. ಹಗಲು ಪಾಳಿಯ ಸಮಯದಲ್ಲಿ ಇದು ನಡೆದಿದ್ದರೆ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೆಂಬುದನ್ನು ಊಹಿಸಲು ಮನಸ್ಸು ಹಿಂಜರಿಯುತ್ತದೆ. ಮಿನಿಸೋಟ ವಿಶ್ವವಿದ್ಯಾನಿಲಯದ ಪೆಕಮ್ ಮತ್ತು ಪೆಕ್ ಎಂಬ ಇಬ್ಬರು ಅಧ್ಯಾಪಕರು ಹಿಟ್ಟಿನ ಧೂಳನ್ನು ಪೆಟ್ಟಿಗೆಯೊಳಗೆ ದೀಪದ ಮೇಲೆ ಊದಿ, ಮುಚ್ಚಳ ಹಾರುವುದನ್ನು ತೋರಿಸಿದರು. ಅವರು ಮುಟ್ಟಿದ ನಿರ್ಣಯವೂ ಗ್ಲಾಸ್ಗೋದ್ದೇ: ಎಲ್ಲೋ ಒಂದು ಜೊತೆ ಕಲ್ಲುಗಳು ಕಾಳಿಲ್ಲದೆ ಬರಿದೇ ತಿರುಗಿದವು.

ಆ ಹದಿನಾಲ್ಕು ಜನರಲ್ಲಿ ಯಾರಾದರೊಬ್ಬನಿಗೆ ಕಲ್ಲಿನ ಸದ್ದು ಬದಲಾದುದು ಕೇಳಿಸಿತ್ತೆ? ಕೇಳಿಸಿ ಓಡುತ್ತಿದ್ದನೆ? ಒಂದು ಹಿಡಿ ಗೋಧಿ ಸಕಾಲಕ್ಕೆ ಬಿದ್ದಿದ್ದರೆ! ಬೆಳಗಿನ ಜಾವದಲ್ಲಿ ತೂಕಡಿಸುತ್ತಲೂ ಕಲ್ಲಿನ ಬಾಯನ್ನು ಬರಿದಾಗಗೊಡದ ಎಡಗೈ ಮಾಡುತ್ತಿದ್ದ ಕೆಲಸ ಎಂಥದೆಂಬುದು ಇಲ್ಲಿ ಅರಿವಾಗುತ್ತದೆ.

ವಾಷ್‌ಬರ್ನ್ ತನ್ನ ಗಿರಣಿಯನ್ನು ೧೮೮೦ರಲ್ಲಿ ಮತ್ತೆ ಕಟ್ಟಿಸಿದನು. ಈ ಸಲ ಧೂಳನ್ನು ಹಿಡಿದಿಡುವ ಯಂತ್ರಗಳೂ ಬಂದವು, ಕಲ್ಲುಗಳ ಸ್ಥಾನದಲ್ಲಿ ಉರುಳೆಗಳೂ ಬಂದವು. (೧೯೯೧ರ ಮತ್ತೊಂದು ಬೆಂಕಿಯ ಅನಂತರ ಉಳಿದ ಅದರ ಗೋಡೆಗಳೊಳಗೆ ೨೦೦೩ರಿಂದ ವಸ್ತುಸಂಗ್ರಹಾಲಯವೊಂದಿದೆ.) ಉರುಳೆಯ ಗಿರಣಿಯನ್ನು ಆ ವೇಳೆಗೆ ಹಂಗೇರಿ, ಸ್ವಿಟ್ಜರ್ಲೆಂಡ್ ದೇಶಗಳವರು ಪಳಗಿಸಿದ್ದರು. ಎರಡು ಲೋಹದ ಉರುಳೆಗಳು ಬೇರೆ ಬೇರೆ ವೇಗದಲ್ಲಿ ಒಂದರ ಪಕ್ಕದಲ್ಲೊಂದು ಸುತ್ತುತ್ತವೆ. ಕಾಳು ನಡುವೆ ಬಿದ್ದು ಒಡೆಯುತ್ತದೆ. ಇಲ್ಲಿ ಕಾಳು ಒಂದು ಬಾಯಿಗೆ ಬಿದ್ದರೆ ಸಾಲದು. ಉರುಳೆಯ ಉದ್ದಕ್ಕೂ, ಈ ತುದಿಯಿಂದ ಆ ತುದಿಯ ತನಕ, ತೆಳ್ಳನೆಯ ಪರದೆಯಂತೆ ಸಮನಾಗಿ ಇಳಿಯಬೇಕು. ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಬರಿದಾದರೆ ಉರುಳೆ ಒಂದೇ ಕಡೆ ಸವೆಯುತ್ತದೆ. ಅದಕ್ಕಾಗಿ ಮೇಲೆ ಬೇರೆಯೇ ಸಣ್ಣ ಉರುಳೆಗಳಿವೆ. ಅವುಗಳಿಗೆ ಬೀಸುವ ಕೆಲಸವಿಲ್ಲ, ಬಡಿಸುವ ಕೆಲಸ ಮಾತ್ರ. ಇಂದಿನ ದೊಡ್ಡ ಗಿರಣಿಗಳಲ್ಲಿ ಗಾಜಿನ ಕೊಳವೆಯೊಳಗೆ ಕಾಳಿನ ಮಟ್ಟವನ್ನು ವಿದ್ಯುತ್ತಿನ ಸಲಕರಣೆ ನೋಡುತ್ತಿರುತ್ತದೆ. ಮಟ್ಟ ಏರಿದರೆ ಬಡಿಸುವ ಉರುಳೆ ಚುರುಕಾಗುತ್ತದೆ, ಇಳಿದರೆ ನಿಧಾನವಾಗುತ್ತದೆ; ಕಾಳು ನಿಂತೇಹೋದರೆ ಬೀಸುವ ಉರುಳೆಗಳು ತಾವೇ ಒಂದರಿಂದೊಂದು ದೂರ ಸರಿಯುತ್ತವೆ. ಕಡೆಗೂ ಕನ್ಯೆಗೆ ಕಣ್ಣು ಬಂದವು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಆಶ್ರಯದಲ್ಲಿರುವ ಗಿರಣಿ ತಂತ್ರಜ್ಞಾನದ ಅಂತರರಾಷ್ಟ್ರೀಯ ಶಾಲೆಯಲ್ಲಿ ಹಿಟ್ಟಿನ ಗಿರಣಿಯ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುತ್ತಾರೆ; ದೇಶವಿದೇಶಗಳ ವಿದ್ಯಾರ್ಥಿಗಳು ಅಲ್ಲಿ ಕಲಿತು ಹೋಗಿದ್ದಾರೆ.

ಆದರೂ ಬಡಾವಣೆಯ ಬೀದಿಯ ಕೊನೆಯಲ್ಲಿರುವ ಹಿಟ್ಟಿನ ಗಿರಣಿಗೆ ಈ ಕಣ್ಣು ಇನ್ನೂ ಬಂದಿಲ್ಲ. ಅಲ್ಲಿರುವುದು ಒಂದು ಮೋಟಾರು, ಒಂದು ಬೆಲ್ಟು, ಒಂದು ಜೊತೆ ಕಲ್ಲು, ನೆತ್ತಿಯ ಮೇಲೊಂದು ತಗಡಿನ ತೊಟ್ಟಿ, ಅದರ ತಳದಲ್ಲಿ ಜಾರುವ ತಗಡಿನ ಬಾಗಿಲು. ಕೂದಲು, ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾದ ಗಿರಣಿಯವನು ಡಬ್ಬಿಯ ಕಾಳನ್ನು ಸುರಿದು, ತಗಡಿನ ಬಾಗಿಲನ್ನು ಎರಡು ಬೆರಳಗಲ ಎಳೆದು, ಮೋಟಾರಿನ ದನಿಗೆ ಕಿವಿಗೊಡುತ್ತಾನೆ. ದನಿ ಭಾರವಾದರೆ ಬಾಗಿಲನ್ನು ತುಸು ತಳ್ಳುತ್ತಾನೆ, ಹಗುರಾದರೆ ಎಳೆಯುತ್ತಾನೆ. ರಾಗಿಗೆ ಒಂದು ಅಳತೆ, ಗೋಧಿಗೆ ಒಂದು, ಎಣ್ಣೆಯಂಶವಿರುವ ಹುರಿದ ಕಡಲೆಗೆ ಇನ್ನೂ ಕಿರಿದು. ಮಳೆಗಾಲದಲ್ಲಿ ಮೆತ್ತಗಾದ ಕಾಳು ತಳದಲ್ಲಿ ಕಚ್ಚಿಕೊಂಡರೆ ತೊಟ್ಟಿಯ ಪಕ್ಕೆಗೆ ಅಂಗೈಯಿಂದ ಎರಡು ತಟ್ಟು ತಟ್ಟುತ್ತಾನೆ. ಹಿಂದಿನ ಕಾಲದ ಕಬ್ಬಿಣದ ಕನ್ಯೆ ಮಾಡಿದ್ದೂ ಅದನ್ನೇ.

ಬಾಗಿಲಲ್ಲಿ ನಿಂತ ಮಹಿಳೆ ಮೊಬೈಲಿನಲ್ಲಿ ಮಾತನಾಡುತ್ತಿರುತ್ತಾಳೆ. ಅವಳ ಮಗ ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಮುಟ್ಟಿ, ಬಿಸಿಯೆಂದು ಕೈ ಹಿಂತೆಗೆಯುತ್ತಾನೆ. ತೊಟ್ಟಿಯ ತಳ ಕಾಣುತ್ತ ಬಂದಿದೆ. ಗಿರಣಿಯವನು ಮುಂದಿನವರ ಡಬ್ಬಿಯ ಮುಚ್ಚಳವನ್ನು ಬಲಗೈಯಲ್ಲಿ ತೆಗೆಯುತ್ತಿದ್ದಾನೆ, ಆ ಕಡೆ ನೋಡುತ್ತಲೂ ಇಲ್ಲ. ಕಡೆಯ ಹಿಡಿ ಕಾಳು ಕಲ್ಲಿನ ಬಾಯಿಗೆ ಜಾರುವ ಮೊದಲೇ ಅವನ ಎಡಗೈ ಹೋಗಿ ತಿರುಪುಚಕ್ರವನ್ನು ಹಿಡಿದು, ಕಲ್ಲನ್ನು ಸಡಿಲಿಸಿರುತ್ತದೆ.